ಹಿಮದ ಅಳಿಯ

ಲಿಯೊಕಾದಿಯೊ ತಿಕೋನಾನ ಅಪ್ಪ ಹೊಲದ ಕಾವಲುಗಾರನಾಗಿದ್ದ ವರ್ಷ ಹಿಮ ಬಿದ್ದು ಇಡೀ ಊರಿನ ಆಲೂಗಡ್ಡೆ ಗಿಡ ಕರ್ರಗಾಗಿತ್ತು. ಹಿಮವನ್ನು ಬೆದರಿಸಿ ಓಡಿಸುವುದು ಕಾವಲುಗಾರನ ಕೆಲಸ, ಬಿದ್ದರೆ ತಪ್ಪು ಅವನದೇ. ಟಿಟಿಕಾಕಾ ಸರೋವರದ ದಡದ ನಮ್ಮೂರುಗಳಲ್ಲಿ ಈ ವಿಷಯದಲ್ಲಿ ಎರಡು ಮಾತಿಲ್ಲ. ಊರ ಹಿರಿಯ ಸಿಮಿಯೋನ್ ಸಭೆಯ ನಡುವೆ ಅಪ್ಪನಿಗೆ ಮೂರು ಚಾಟಿಯೇಟು ಕೊಟ್ಟ. ಆಮೇಲೆ ಕೂರಿಸಿ ಊಟ ಹಾಕಿದರು. ಗಾಯ ಬೇಗ ಮಾಯಿತು. 'ಹಿಮದ ಅಳಿಯ' ಅನ್ನುವ ಹೆಸರು ಮಾತ್ರ ಅಪ್ಪನ ಜೊತೆ ಗೋರಿಯವರೆಗೂ ಹೋಯಿತು. ಚಳಿ ಜಾಸ್ತಿಯಾದ ಬೆಳಗುಗಳಲ್ಲಿ ಹುಡುಗರು ಲಿಯೊಕಾದಿಯೊನನ್ನು ಕೇಳುವರು: "ಏನೋ, ರಾತ್ರಿ ನಿಮ್ಮ ತಾತ ಬಂದಿದ್ದನಂತೆ?"

ಹೀಗೆ ಬೆಳೆದವನಿಗೆ ಕಾವಲಿನ ಸರದಿ ಬಂದಾಗ ಊಟ ಸೇರಲಿಲ್ಲ. ಆ ಚಾಟಿ, ಆ ಹೆಸರು, ಎರಡೂ ತನಗೆ ತಗಲಬಾರದು. ಅವನಿಗೆ ಬೇಕಾಗಿದ್ದು ಅಷ್ಟೇ.

ಅದೇ ವರ್ಷ ಸಂಶೋಧನಾ ಕೇಂದ್ರದ ಇಂಜಿನಿಯರ್ ರೊಸಾರಿಯೊ ಅವನ ಹೊಲದ ಒಂದು ಪಟ್ಟಿಯ ಸುತ್ತ ಬಲೆ ಕಟ್ಟಿ ಹೊಸ ಆಲೂಗಡ್ಡೆ ನೆಟ್ಟಳು. ಗುಡ್ಡದ ಕಾಡು ಗೆಡ್ಡೆ ಹಿಮಕ್ಕೆ ಜಗ್ಗುವುದಿಲ್ಲವಲ್ಲ, ಅದರ ವಂಶವಾಹಿಯನ್ನು ತೆಗೆದು ಊಟದ ಗೆಡ್ಡೆಗೆ ಸೇರಿಸಿದ್ದರಂತೆ.

"ಈ ಪಟ್ಟಿಗೆ ನೀವು ಕಾವಲು ಕಾಯೋದೇ ಬೇಡ," ಅಂದಳು ರೊಸಾರಿಯೊ.

"ಮಿಕ್ಕಿದ್ರೆ ನಮ್ಮ ಯಜಮಾನರಿಗೂ ಒಂಚೂರು ಸೇರ್ಸಿ," ಅಂದಳು ಅವನ ಹೆಂಡತಿ ಉರ್ಸುಲಾ.

ಕಾವಲುಗಾರರ ಪದ್ಧತಿಯಂತೆ ಅವನು ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಗುಡ್ಡದ ಕಲ್ಲುಗುಡಿಸಲು ಸೇರಿದ. ಫೆಬ್ರವರಿಯಲ್ಲಿ ಒಂದು ರಾತ್ರಿ ಆಕಾಶ ತಿಳಿಯಾಯಿತು, ಹಿಮ ಬೀಳುವ ಲಕ್ಷಣ. ಅವನು ಹೊಲಹೊಲಕ್ಕೂ ಸಗಣಿಯ ಬೆಂಕಿ ಹಾಕಿದ, ಕೊಂಬು ಊದಿದ, ಹಿಮಕ್ಕೆ ಬಾಯಿಗೆ ಬಂದಂತೆ ಬೈದ. ಬೆಳಗಾದರೆ ಏನು ನೋಡುವುದು! ಅವನು ಕಾದ ಹೊಲಗಳೆಲ್ಲ ಹಿಮಕ್ಕೆ ಸುಟ್ಟು ಕರಕಲು, ಕಾಯದ ಪಟ್ಟಿ ಹಚ್ಚಹಸಿರು.

ಸಭೆ ಸೇರಿತು. ಈಗ ಹಲ್ಲುದುರಿದ ಸಿಮಿಯೋನ್ ಅದೇ ಚಾಟಿ ಹಿಡಿದು ನಿಂತ. ರೊಸಾರಿಯೊ ಓಡೋಡಿ ಬಂದಳು.

"ಇವರದ್ದೇನೂ ತಪ್ಪಿಲ್ಲ! ಬೆಂಕಿ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ. ಎಲ್ಲ ಗೆಡ್ಡೆ ಗುಣ. ನೀವೇ ಕಣ್ಣಾರೆ ನೋಡಿದ್ರಲ್ಲ!"

ಜನ ನೋಡಿದ್ದರು. ಸಿಮಿಯೋನ್ ಚಾಟಿ ಸುತ್ತಿಕೊಂಡ. "ಸರಿ ಬಿಡಪ್ಪ, ಮನೆಗೆ ಹೋಗು. ಮುಂದಿನ ವರ್ಷ ಎಲ್ಲಾರೂ ಇದೇ ಬೀಜ ಕೇಳೋಣ. ಕಾವಲುಗಾರ ಯಾಕೆ ಬೇಕು?"

ಲಿಯೊಕಾದಿಯೊ ನಿಂತಲ್ಲಿಂದ ಕದಲಲಿಲ್ಲ.

"ಹಾಗಾದ್ರೆ ನಮ್ಮಪ್ಪನಿಗೆ ಹೊಡೆದಿದ್ದು ಯಾಕೆ?"

ಸಿಮಿಯೋನ್ ಕೆಮ್ಮಿದ. "ಅವತ್ತು ಈ ಇಂಜಿನಿಯರಮ್ಮ ಇರ್ಲಿಲ್ಲ."

ಲಿಯೊಕಾದಿಯೊಗೆ ಸಿಟ್ಟು ನೆತ್ತಿಗೇರಿತು. "ಸುಮ್‌ಸುಮ್ನೆ ಏಟು ತಿಂದನಾ ನಮ್ಮಪ್ಪ? ಕಾವಲುಗಾರ ಅಂದ್ಮೇಲೆ ತಪ್ಪು ಅವನ್ದೇ. ಈ ಸಲ ನಂದು. ಹೊಡಿ."

ಟೊಪ್ಪಿ ತೆಗೆದ, ಕಂಬಳಿ ತೆಗೆದ, ಮಂಡಿಯೂರಿದ.

"ಅಯ್ಯೋ, ಬೇಡ!" ಅಂದಳು ರೊಸಾರಿಯೊ.

"ನೀವು ಸುಮ್ನಿರಿ ತಾಯಿ," ಅಂದಳು ಉರ್ಸುಲಾ. ಅವಳ ಕಣ್ಣು ತುಂಬಿತ್ತು.

ಮೊದಲ ಏಟು ಬಿತ್ತು.

"ಇದೇನು, ಕಂಬಳಿ ಧೂಳು ಕೊಡವ್ತಿದೀಯಾ? ನಮ್ಮಪ್ಪನಿಗೆ ಹೊಡೆದ ಹಾಗೆ ಹೊಡಿ!"

ಉಳಿದೆರಡನ್ನು ಮುದುಕ ಸರಿಯಾಗಿಯೇ ಬಿಟ್ಟ.

ಆಮೇಲೆ ಪದ್ಧತಿಯಂತೆ ಅವನನ್ನು ಕೂರಿಸಿ, ಹೋದ ಚಳಿಗಾಲದ ಹಿಮದಲ್ಲಿ ಒಣಗಿಸಿಟ್ಟ ಆಲೂಗಡ್ಡೆಯ ಸಾರನ್ನು ಮೊದಲು ಅವನಿಗೇ ಬಡಿಸಿದರು. ಸಿಮಿಯೋನ್ ಸೌಟು ಹಿಡಿದು ಪಕ್ಕದಲ್ಲೇ ಬಗ್ಗಿ ನಿಂತಿದ್ದ.

"ಅಳಿಯಂದ್ರೇ, ಇನ್ನೂ ಒಂಚೂರು ಹಾಕ್ಲಾ?"

"ಹಾಕು," ಅಂದ ಲಿಯೊಕಾದಿಯೊ.