ಪಾಸ್‌ವರ್ಡ್ ಕೊಟ್ಟವರು ನೀವಲ್ಲ, ಸರೋಜಕ್ಕ

ಸರೋಜಕ್ಕ, ಗಿರಿಜಾಳ ವಿಷಯವನ್ನು ಹೊರಗೆ ಬಿಟ್ಟವರು ನೀವಲ್ಲ, ನಾನು. ಪಾಸ್‌ವರ್ಡನ್ನು ನೀವು ಹೊರಗಿನವರು ಯಾರಿಗೂ ಕೊಟ್ಟಿರಲಿಲ್ಲ ಎಂಬುದು ನನಗೆ ಅವತ್ತೇ ಗೊತ್ತಿತ್ತು — ಚಿತ್ರದುರ್ಗದ ಆ ಆಫೀಸಿನ ಮೆಟ್ಟಿಲಿಳಿದು ನೀವು ಹೋದಿರಲ್ಲ, ಅವತ್ತೇ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆ. ಇಷ್ಟು ವರ್ಷ ಕೂತೇ ಇದ್ದೆ.

ನಿಮಗೆ ಗೊತ್ತಿರುವ ಕತೆಯನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗೊತ್ತಿಲ್ಲದ ಭಾಗ ಅದರ ನಡುವೆಯೇ ಇದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಪರಮೇಶ್ವರಪ್ಪನವರ ವಧು-ವರ ಮಾಹಿತಿ ಕೇಂದ್ರದಲ್ಲಿ ನೀವು ಮುಂದಿನ ಮೇಜು, ನಾನು ಒಳಗಿನ ಕಂಪ್ಯೂಟರ್ ಕೋಣೆ. ವೆಬ್ ಸರ್ವರ್ ಒಂದು ಮೊದಲಿನಿಂದಲೂ ಅಲ್ಲಿತ್ತು. ಹುಡುಗ ಹುಡುಗಿಯರ ಫೋಟೋ, ವಿವರಗಳ ಪುಟಗಳನ್ನು ಅದು ತೋರಿಸುತ್ತಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬ್ರೌಸಿಂಗ್ ಸೆಂಟರುಗಳಲ್ಲಿ ಕೂತು ಜನ ನೋಡುತ್ತಿದ್ದರು. ಮರುಮದುವೆಯ ವಿಭಾಗಕ್ಕೆ ಮಾತ್ರ ಪಾಸ್‌ವರ್ಡ್. ಹೆಸರು ನೋಂದಾಯಿಸಿದವರ ಪೂರ್ವಾಪರ ವಿಚಾರಿಸಿ, ನೀವೇ ಅದನ್ನು ಕೊಡುತ್ತಿದ್ದಿರಿ.

ಗಿರಿಜಾ ನಿಮ್ಮ ರಾಮಗಿರಿಯವಳೇ, ನಿಮ್ಮ ಜೊತೆ ಆಡಿ ಬೆಳೆದವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಇನ್ನೊಂದು ಮದುವೆ ಅಂದರೆ ಆದಿವಾಲದ ಗಂಡನ ಮನೆಯವರು ಮಗುವನ್ನೇ ಕಿತ್ತುಕೊಂಡಾರು ಎಂದು ಹೆದರುತ್ತಿದ್ದವಳನ್ನು ಒಪ್ಪಿಸಿ ಕರೆತಂದವರು ನೀವು. ಅವಳು ಫೋಟೋ ಕೊಡಲು ಹಿಂದೆಮುಂದೆ ನೋಡಿದಾಗ ನೀವು ಹೇಳಿದ ಮಾತು ನನಗೆ ಒಳಕೋಣೆಗೂ ಕೇಳಿಸಿತ್ತು. "ಹೆದರ್ಕಬ್ಯಾಡ ಕಣೇ. ನಾನಿದೀನಿ. ಇಲ್ಲಿಂದ ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ಆಮೇಲೆ ನನ್ನ ಪ್ರತಾಪ. ಊರು, ವಯಸ್ಸು, ಓದು ಕೊಟ್ಟರೆ ತಾನೇ ಹುಡುಕಿ ಕೊಡುವ ಪ್ರೋಗ್ರಾಮ್ ಬರೆದೆ. ಅದು ನಡೆಯಲು ಅಪ್ಲಿಕೇಶನ್ ಸರ್ವರ್ ಬೇಕು. ಅದನ್ನು ಹಾಕಿ, ಹಳೆಯ ವೆಬ್ ಸರ್ವರಿಗೆ ಜೋಡಿಸಿದೆ. ದುರ್ಗದಲ್ಲಿ ಆಗ ಈ ಕೆಲಸ ಬಲ್ಲವರು ಎಷ್ಟು ಜನ ಇದ್ದರು, ಹೇಳಿ! ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಈಗಲೂ ಹೇಳುತ್ತೇನೆ — ಆ ಜೋಡಣೆ ಚೆನ್ನಾಗಿಯೇ ಇತ್ತು. ಕೆಲಸ ಬರುತ್ತಿರಲಿಲ್ಲ ಎಂದು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ನಿಮ್ಮನ್ನೇ ಇಟ್ಟು ಹೇಳಿದರೆ ಸುಲಭ. ಬಂದವರನ್ನು ಮುಂದಿನ ಮೇಜಿನಲ್ಲಿ ನೀವು ಮಾತಾಡಿಸಿ, ಯಾರು ಏನು ಎಂದು ಕೇಳಿ, ಬೇಕಾದ್ದನ್ನು ಒಳಗಿನಿಂದ ತರಿಸಿ ಕೊಡುತ್ತಿದ್ದಿರಿ. ವೆಬ್ ಸರ್ವರಿನ ಕೆಲಸವೂ ಅದೇ. ಪಾಸ್‌ವರ್ಡ್ ಕೇಳುವುದು ಅದು. ಹುಡುಕಿ ಕೊಡುವುದು ಒಳಗಿನ ಅಪ್ಲಿಕೇಶನ್ ಸರ್ವರು. ಒಳಗಿನವನಿಗೆ ಹೊರಗಿನವರ ಸಂಪರ್ಕವೇ ಇರಬಾರದು. ಆದರೆ ಪರೀಕ್ಷೆ ಮಾಡಲಿಕ್ಕೆಂದು ನಾನು ಒಳಗಿನದಕ್ಕೇ ನೇರವಾಗಿ ಹೋಗುವ ಇನ್ನೊಂದು ದಾರಿ ತೆರೆದಿದ್ದೆ. ವೆಬ್ ವಿಳಾಸದಲ್ಲಿ 8080 ಎಂಬ ಸಂಖ್ಯೆ ಸೇರಿಸಿದರೆ ಸಾಕು, ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಡುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಪರಮೇಶ್ವರಪ್ಪನವರು ಪೇಢಾ ಹಂಚಿದರು, ನಾನು ತಿಂದೆ, ನಾಳೆ ಮುಚ್ಚಿದರಾಯಿತು ಅಂದುಕೊಂಡೆ…

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಪುಟದ ಕೆಳಗೆ 'ಮುಂದಿನ ಪುಟ' ಎಂದು ಒಂದು ಗುಂಡಿ ಇಟ್ಟಿದ್ದೆ. ಅದನ್ನು ಒತ್ತಿದರೆ ನನ್ನ ಪ್ರೋಗ್ರಾಮ್ ಜನರನ್ನು ಆ 8080ರ ದಾರಿಗೇ ಕರೆದುಕೊಂಡು ಹೋಗುತ್ತಿತ್ತು. ನೋಂದಾಯಿಸಿದವರೊಬ್ಬರು ಹಿರಿಯೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಸರಿಯಾಗಿ ಪಾಸ್‌ವರ್ಡ್ ಕೊಟ್ಟು, ನೋಡಿ, ಎದ್ದು ಹೋಗಿರಬೇಕು. ಆ ವಿಳಾಸ ಆ ಕಂಪ್ಯೂಟರಿನಲ್ಲೇ ಉಳಿಯಿತು. ಆಮೇಲೆ ಕೂತವನು, ಆದಿವಾಲದ ಕಡೆಯವನೇ ಇರಬೇಕು, ಅದನ್ನು ಒತ್ತಿದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಗಿರಿಜಾಳ ಮುಖದ ಗುರುತು ಸಿಕ್ಕಿತು, ಅವಳ ಮೈದುನನನ್ನು ಕರೆದು ತೋರಿಸಿದ.

ಮುಂದಿನದು ನಿಮಗೆ ಗೊತ್ತು. ಹೊಸದುರ್ಗದ ಬ್ಯಾಟರಿ ಅಂಗಡಿಯವರ ಜೊತೆ ಗಿರಿಜಾಳ ಮದುವೆಯ ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ಮೈದುನ ಅದನ್ನು ಪತ್ತೆಹಚ್ಚಿ ಆ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದದ್ದು ಬೈದ. ಅವರು ಹೆದರಿ ಹಿಂದೆ ಸರಿದರು. ಅಲ್ಲಿಂದ ಅವನು ನೇರ ನಮ್ಮ ಆಫೀಸಿಗೆ ಬಂದ.

"ಕುಂತ್ಕಳ್ರಿ, ಸಮಾಧಾನ ಮಾಡ್ಕಳ್ರಿ" ಎಂದು ಪರಮೇಶ್ವರಪ್ಪನವರು ಅಂಗಲಾಚಿದರು. ಅವನು ಕೂರಲಿಲ್ಲ. "ಎಂಥ ಸಮಾಧಾನ? ಹಿರಿಯೂರಾಗೆ ಹಾದಿಬೀದಿಯೋರೆಲ್ಲ ನಮ್ಮ ಮನೆ ಹೆಣ್ಮಗಳನ್ನ ನೋಡ್ತಾವ್ರೆ! ಪಾಸ್‌ವರ್ಡು ಗೀಸ್‌ವರ್ಡು ಏನೂ ಕೇಳ್ಲಿಲ್ಲ!"

ಅಂದು ಆ ಆಫೀಸಿನಲ್ಲಿ ನಿಜ ಹೇಳಿದವರು ಇಬ್ಬರೇ, ಅವನು ಮತ್ತು ನೀವು. ನಾನು ನಕ್ಕುಬಿಟ್ಟೆ.

ಪರಮೇಶ್ವರಪ್ಪನವರು ನನ್ನ ಕಡೆ ತಿರುಗಿದರು. "ಏನಪ್ಪ ಮಂಜು, ಪಾಸ್‌ವರ್ಡ್ ಇಲ್ದಂಗೆ ನೋಡಾಕಾಗುತ್ತಾ?"

ಆ ಗಳಿಗೆಯಲ್ಲಿ — ಇದನ್ನೂ ಬರೆದುಬಿಡುತ್ತೇನೆ — ಆ 8080 ನನಗೆ ನೆನಪಾಯಿತು. ಪೂರ್ತಿ ಅಲ್ಲ, ಅರ್ಧ. 'ಒಂದು ನಿಮಿಷ ಸಾರ್, ನೋಡಿ ಹೇಳ್ತೀನಿ' ಅಂದಿದ್ದರೆ ಸಾಕಿತ್ತು. ಆದರೆ ದುರ್ಗಕ್ಕೆಲ್ಲ ನಾನೊಬ್ಬನೇ ಬುದ್ಧಿವಂತ ಎಂದು ಮೆರೆದವನಿಗೆ ಆ ಮಾತು ಬಾಯಿಗೆ ಬರಲಿಲ್ಲ.

"ಪಾಸ್‌ವರ್ಡ್ ಇಲ್ಲದೆ ಆ ದೇವರಿಗೂ ಆಗಲ್ಲ ಸಾರ್."

ಎಲ್ಲರೂ ನಿಮ್ಮನ್ನು ನೋಡಿದರು. ಪಾಸ್‌ವರ್ಡ್ ಕೊಡುವವರು ನೀವು, ಗಿರಿಜಾಳ ಊರಿನವರೂ ನೀವು. ಇನ್ನೇನು ಬೇಕಿತ್ತು ಅವರಿಗೆ? ನೀವು ನನ್ನ ಹತ್ತಿರ ಬಂದು ಹೇಳಿದಿರಿ, "ಮಂಜು, ನೀನಾದ್ರೂ ಹೇಳಪ್ಪ. ನಾನು ಯಾರಿಗೂ ಕೊಟ್ಟಿಲ್ಲ."

"ನಂಗೇನು ಗೊತ್ತಕ್ಕ" ಅಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು, ಸರೋಜಕ್ಕ. ನೀವು ಟಿಫಿನ್ ಡಬ್ಬಿ ಎತ್ತಿಕೊಂಡು ಹೋದಿರಿ, ಮತ್ತೆ ಬರಲಿಲ್ಲ. ನಾನು ಒಳಗೆ ಹೋಗಿ 'ಮುಂದಿನ ಪುಟ' ಒತ್ತಿದೆ. ಪಾಸ್‌ವರ್ಡ್ ಇಲ್ಲದ ದಾರಿ ಕಣ್ಣೆದುರೇ ತೆರೆದುಕೊಂಡಿತು. ಟೀ ಕುಡಿದು ಮುಗಿಸುವಷ್ಟರಲ್ಲಿ ಅದನ್ನು ಮುಚ್ಚಿ, ಗುಂಡಿಯನ್ನು ಸರಿಮಾಡಿದೆ. ಅಷ್ಟು ಸಣ್ಣ ಕೆಲಸ ಅದು. ಪರಮೇಶ್ವರಪ್ಪನವರು ಆಚೆ ಕೋಣೆಯಲ್ಲೇ ತಲೆ ಹಿಡಿದು ಕೂತಿದ್ದರು. ನಾನು ಹೋಗಿ ಹೇಳಲಿಲ್ಲ.

ಆಮೇಲೆ ನಾನು ಚೆನ್ನಾಗಿಯೇ ಬದುಕಿದೆ. ಇದೇ ದುರ್ಗದಲ್ಲಿ ಇದೇ ಕೆಲಸ ಮಾಡಿ ಹೆಸರು ಮಾಡಿದೆ. ಎಲ್ಲಿ ಸರ್ವರ್ ಜೋಡಿಸಿದರೂ ಮೊದಲು ಒಳಗಿನ ದಾರಿ ಮುಚ್ಚಿ, ಹೊರಗಿನಿಂದ ನಾನೇ ನುಗ್ಗಿ ನೋಡುತ್ತೇನೆ. ಮಂಜಣ್ಣ ಮುಟ್ಟಿದರೆ ಭದ್ರ ಅನ್ನುತ್ತಾರೆ ಜನ. ಆ ಹೊಗಳಿಕೆ ಕೇಳಿದಾಗಲೆಲ್ಲ ನಿಮ್ಮ ನೆನಪು ಬರುತ್ತಿತ್ತು, ಬಂದಷ್ಟೇ ಬೇಗ ಅದನ್ನು ಆಚೆ ತಳ್ಳುತ್ತಿದ್ದೆ.

ಹೋದ ತಿಂಗಳು ತಳ್ಳಲಾಗಲಿಲ್ಲ. ಹೊರಕೆರೆದೇವಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಹಿಂದೆ ರಾಮಗಿರಿಯ ಇಬ್ಬರು ಹೆಂಗಸರು. ಒಬ್ಬಳು ಯಾರಿಗೋ ಒಂದು ಗುಟ್ಟು ಹೇಳಲು ಹೊರಟಳು, ಪಕ್ಕದವಳು ತಡೆದಳು. "ಆಕೆ ಮುಂದೆ ಮಾತ್ರ ಆಡಬ್ಯಾಡ ಮಾರಾಯ್ತಿ. ಇನ್ನೊಬ್ಳು ಸರೋಜ ಅವಳು!" ಇಬ್ಬರೂ ನಕ್ಕರು. ಅವರಲ್ಲಿ ಒಬ್ಬಳು ನಿಮ್ಮನ್ನು ನೋಡಿಯೂ ಇರಲಾರಳು, ಅಷ್ಟು ಚಿಕ್ಕವಳು. ನಿಮ್ಮ ಹೆಸರು ನಿಮ್ಮೂರಿನಲ್ಲಿ ಗಾದೆಯಾಗಿದೆ, ಅಕ್ಕ. ಹೋಳಿಗೆಯನ್ನು ಎಲೆಯ ಮೇಲೆಯೇ ಬಿಟ್ಟು ಎದ್ದೆ.

ಮಾರನೆಯ ದಿನವೇ ರಾಮಗಿರಿಗೆ ಹೋದೆ. ಗಿರಿಜಾ ಈಗ ಅಂಗನವಾಡಿ ನೋಡಿಕೊಳ್ಳುತ್ತಾಳೆ. ಮತ್ತೆ ಮದುವೆ ಆಗಲಿಲ್ಲ. ಮಗಳು ಅವಳ ಹತ್ತಿರವೇ ಉಳಿದಳು, ಅದೊಂದು ಪುಣ್ಯ. ಎಲ್ಲ ಹೇಳಿದೆ, ಒಂದೂ ಬಿಡದೆ. ಅವಳು ಅಳಲಿಲ್ಲ.

"ಆವತ್ತು ಸರೋಜ ನಮ್ಮನೆ ಬಾಗ್ಲಿಗೆ ಬಂದು 'ನಾನಲ್ಲ ಕಣೇ' ಅಂತ ಎಷ್ಟು ಬಡ್ಕಂಡ್ಲು. ನಾನು ಒಳಗಿದ್ದೇ ಅಗಳಿ ಹಾಕ್ಕಂಡೆ. ನನ್ನ ಮದ್ವೆ ಹಾಳಾಗೋಗ್ಲಿ ರೀ, ಅದನ್ನ ನುಂಗ್ಕಂಡೆ. ಅವಳನ್ನ ನನ್ನಿಂದ ಕಿತ್ಕಂಡ್ರಲ್ಲ ನೀವು!"

ಆ ಇಬ್ಬರು ಹೆಂಗಸರ ಮನೆಗೂ, ಗಿರಿಜಾಳ ಅಣ್ಣಂದಿರ ಹತ್ತಿರವೂ ನಾನೇ ಹೋಗಿ ಇದನ್ನು ಹೇಳಿದ್ದೇನೆ. ಇನ್ನು ಯಾರ್ಯಾರಿಗೆ ಹೇಳಬೇಕೋ ನೀವು ಹೇಳಿ, ಅವರ ಮನೆಗೂ ಹೋಗುತ್ತೇನೆ. ಈ ಒಂದು ಕೆಲಸವನ್ನು ನಾಳೆಗೆ ಬಿಡುವುದಿಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಹೊರಡುವಾಗ ಗಿರಿಜಾ ಬಾಗಿಲ ತನಕ ಬಂದು ನಿಮ್ಮ ಫೋನ್ ನಂಬರು ಕೇಳಿದಳು. ನೀವು ದಾವಣಗೆರೆಯಲ್ಲಿದ್ದೀರೆಂದು ವಿಚಾರಿಸಿ, ನಂಬರನ್ನು ಹುಡುಕಿಸಿಕೊಂಡೇ ನಾನು ಹೋಗಿದ್ದೆ. ಜೇಬಿನಲ್ಲೇ ಇತ್ತು. ಕೈ ಜೇಬಿಗೆ ಹೋಯಿತು, ಹಾಗೇ ನಿಂತಿತು.

"ಅವರನ್ನ ಒಂದು ಮಾತು ಕೇಳಿ ಕೊಡ್ತೀನಮ್ಮ" ಅಂದೆ.

ಅವಳು ಕಾಯುತ್ತಿದ್ದಾಳೆ. ಕೊಡಲಾ, ಅಕ್ಕ?