ಫೋನಿನಲ್ಲಿ ಪುಣೆಗೆ ಹೋದ ಮಗ್ಗ

ಹೋದ ವಾರ ನಮ್ಮ ಮನೆಯ ಬಟ್ಟೆ ಒಗೆಯುವ ಮಷೀನು ಕೆಟ್ಟಿತು. ಕೆಟ್ಟಿತು ಎಂದವರು ನಮ್ಮ ಯಜಮಾನರು. ನನಗೇನೋ ಅದು ತಂದಾಗಿನಿಂದ ಮೊದಲ ಸಲ ಸರಿಯಾಗಿ ಓಡುತ್ತಿದೆ ಅನ್ನಿಸಿತ್ತು. ನೀರು ಹಿಂಡುವ ಹೊತ್ತಿಗೆ ಒಳಗೆ ಏನೋ ಸಡಿಲಾಗಿ ಖಟಾಪಟ್ ಖಟಾಪಟ್ ಎಂದು ಒಂದೇ ತಾಳದಲ್ಲಿ ಬಡಿಯತೊಡಗಿತು. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದ ನಾನು ನನಗೇ ಅರಿವಿಲ್ಲದೆ, "ಚಾ ಕುಡೀತೀರೇನ್ರೀ?" ಎಂದು ಮೂರು ಮನೆಯಾಚೆಗೆ ಕೇಳುವಂತೆ ಕೂಗಿದೆ. ಯಜಮಾನರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಕೈಯಲ್ಲಿದ್ದ ಪೇಪರು ನೆಲಕ್ಕೆ ಬಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬನಹಟ್ಟಿಯ ನೇಕಾರರ ಮನೆಯವಳು, ಕೊಟ್ಟದ್ದು ಜಮಖಂಡಿಗೆ. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಆದರೆ ಗಂಟಲಿನ ಲೆಕ್ಕದಲ್ಲಿ ಅದು ಬೇರೆ ದೇಶವೇ. ಯಜಮಾನರು ಕೋರ್ಟಿನಲ್ಲಿ ಗುಮಾಸ್ತರು; ಅವರ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತದೆ. ಮದುವೆಯಾದ ಹೊಸತರಲ್ಲಿ ನಾನು "ಉಪ್ಪ ಕೊಡ್ರಿ" ಎಂದರೆ ಅತ್ತೆ ಎದೆ ಹಿಡಿದುಕೊಳ್ಳುತ್ತಿದ್ದರು. ನಾನೇನು ಮಾಡಲಿ ಹೇಳಿ? ತವರಿನಲ್ಲಿ ನಾಲ್ಕು ಪವರ್ ಮಗ್ಗ ಇದ್ದವು. ಅವು ಓಡುವಾಗ ನಮಗೆ ಇದ್ದದ್ದು ಎರಡೇ ದಾರಿ: ಒಂದೋ ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಎರಡು ಬೆರಳು ಗಾಳಿಯಲ್ಲಿ ಕತ್ತರಿಸಿದರೆ ಎಳೆ ಕಡಿದಿದೆ. ಹಣೆಯ ಮೇಲೆ ಕೈ ಬಂದರೆ ಬೀಗರು ಬಂದಿದ್ದಾರೆ, ಓಡಿಹೋಗಿ ಸೀರೆ ಬದಲಿಸಿಕೋ ಎಂದರ್ಥ.

ಆ ಮಗ್ಗದ ಖೋಲಿಯ ಮೂಲೆಯಲ್ಲೇ, ನಾಲ್ಕನೆಯ ಮಗ್ಗದ ಹಿಂದೆ, ನನ್ನ ತಮ್ಮ ಸಂಗಮೇಶನ, ಅಂದರೆ ನಮ್ಮ ಸಂಗ್ಯಾನ, ಕಂಪ್ಯೂಟರ್ ಇತ್ತು. ಜಮಖಂಡಿಯ ಒಂದು ನೆಟ್ ಸೆಂಟರ್ ಮುಚ್ಚುವಾಗ ಹಳೆಯ ಡಬ್ಬಿಯೊಂದನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಮನೆಯಲ್ಲಿ ಬೇರೆ ಕಡೆ ಓಲ್ಟೇಜು ನಿಲ್ಲುತ್ತಿರಲಿಲ್ಲವಾದ್ದರಿಂದ ಮಗ್ಗದ ಪಕ್ಕವೇ ಅದಕ್ಕೆ ಸಂಸಾರ ಹೂಡಿಕೊಟ್ಟೆವು. ಸಂಗ್ಯಾ ಆಡುತ್ತಿದ್ದದ್ದು ಒಂದು ಗುಂಡಿನ ಆಟ. ಐವರು ಈ ಕಡೆ, ಐವರು ಆ ಕಡೆ. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಕುಳಿತು ಒಂದೇ ಪರದೆಯೊಳಗೆ ಸೇರುತ್ತಾರೆ. ಅಡಗುವುದು, ಹುಡುಕುವುದು, ಹೊಡೆಯುವುದು. ಸತ್ತವರು ಮುಂದಿನ ಸುತ್ತಿಗೆ ಮತ್ತೆ ಹುಟ್ಟುತ್ತಾರೆ. ಈ ಸೌಲಭ್ಯ ಕೇಳಿದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, "ಛಲೋ ಐತಿ ಬಿಡು, ಮಣ್ಣ ಮಾಡೂ ಖರ್ಚ ಉಳೀತು" ಎಂದಿದ್ದಳು.

ಆ ಆಟದಲ್ಲಿ ಕಣ್ಣಿಗಿಂತ ಕಿವಿ ಮುಖ್ಯವಂತೆ. ಎದುರಾಳಿ ಗೋಡೆಯಾಚೆ ಕಾಲಿಟ್ಟರೆ ಹೆಡ್‌ಫೋನಿನಲ್ಲಿ ಹೆಜ್ಜೆಯ ಸದ್ದು ಸಣ್ಣಗೆ ಬರುತ್ತದೆ. ಅದನ್ನು ಹಿಡಿದವನೇ ಬದುಕಿದ. ನಾಲ್ಕು ಮಗ್ಗ ಬಡಿಯುವ ಖೋಲಿಯಲ್ಲಿ ಕುಳಿತು ಅದನ್ನು ಹೇಗೆ ಹಿಡಿಯುತ್ತೀಯೋ ಎಂದರೆ, "ಅಪ್ಪ ಹಿಡೀತಾನಲ್ಲಕ್ಕ, ಹಂಗ" ಎನ್ನುತ್ತಿದ್ದ. ಅದು ನಿಜವೇ. ಅಪ್ಪ ಓಣಿಯ ತುದಿಯ ಚಹಾದಂಗಡಿಯಲ್ಲಿ ಬಸಿ ಬಾಯಿಗಿಟ್ಟವನು ಥಟ್ಟನೆ ಎದ್ದು, "ಮೂರನೇದರ ಎಳಿ ಕಡೀತು" ಎಂದು ಬಂದುಬಿಡುತ್ತಿದ್ದ. ಬಂದು ನೋಡಿದರೆ ಮೂರನೆಯದೇ. ಸಂಗ್ಯಾನ ಕಿವಿಯೂ ಅದೇ ಕಿವಿ.

ಆದರೆ ಮಗನ ಕಿವಿ ತನ್ನದೇ ಎಂದು ಅಪ್ಪ ಒಪ್ಪಬೇಕಲ್ಲ! ಡಿಗ್ರಿ ಮುಗಿಸಿದ ಮಗ ದಿನವಿಡೀ ಕುರ್ಚಿಯಲ್ಲಿ ಕುಳಿತು ಇಲಿ ಉಜ್ಜುತ್ತಾನೆ ಎಂಬುದು ಅವನಿಗೆ ಓಣಿಯಲ್ಲಿ ತಲೆ ಎತ್ತಲಾಗದ ಸಂಗತಿಯಾಗಿತ್ತು. ಈ ಆಟವನ್ನೇ ಕಸುಬು ಮಾಡಿಕೊಂಡವರು ಇದ್ದಾರೆ, ಅವರಿಗೆ ತಿಂಗಳ ಪಗಾರ ಇದೆ ಎಂದು ಸಂಗ್ಯಾ ಹೇಳಿದ ದಿನ ಅಪ್ಪ ನಕ್ಕ ನಗೆಗೆ ಮಗ್ಗದ ಸದ್ದೂ ಅಡಗಿಹೋಯಿತು.

"ಆಡಿದ್ರ ಪಗಾರ ಕೊಡ್ತಾರಂತ! ಯಾವ ಹುಚ್ಚ ಕೊಡ್ತಾನಲೇ? ಆಟ ಅಂದ್ರ ಆಟ, ದುಡಿಮಿ ಅಂದ್ರ ದುಡಿಮಿ. ಮೈ ದಣೀಲಾರದ ಯಾವನರ ದುಡದದ್ದು ನೋಡೀಯೇನು?"

ಕಡೆಗೆ ಒಂದು ಒಪ್ಪಂದವಾಯಿತು. ಪುಣೆಯಲ್ಲಿ ಒಂದು ದೊಡ್ಡ ಪಂದ್ಯ ಇತ್ತು. ಸಂಗ್ಯಾನ ಜೊತೆ ಆಡುವ ನಾಲ್ವರೂ ಆ ಕಡೆಯ ಹುಡುಗರೇ. ಅಲ್ಲಿ ಗೆದ್ದರೆ ಅಲ್ಲಿಯ ಶೇಠ್ ಒಬ್ಬರು ಐವರನ್ನೂ ಪಗಾರದ ಮೇಲೆ ಇಟ್ಟುಕೊಳ್ಳುವ ಮಾತು ಕೊಟ್ಟಿದ್ದರು. ಸೋತರೆ ಮುಧೋಳಕ್ಕೆ ಹೋಗಿ ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಕುಳಿತುಕೊಳ್ಳಬೇಕು, ಕಂಪ್ಯೂಟರನ್ನು ಗುಜರಿಗೆ ಹಾಕಬೇಕು. ಅಪ್ಪ ಮಾವನಿಗೆ ಮೊದಲೇ ಹೇಳಿಟ್ಟಿದ್ದ. ಮಾವ ಖುಷಿಯಿಂದ ಒಂದು ಹೊಸ ಕುರ್ಚಿಯನ್ನೂ ತಂದಿಟ್ಟಿದ್ದನಂತೆ.

ಮೊದಲ ದಿನವೇ ಸೋತರು. ಇನ್ನೊಂದು ಸೋತರೆ ಮನೆಗೆ, ಮನೆಯಿಂದ ಮುಧೋಳಕ್ಕೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಸಂಜೆ ಫೋನು ಎತ್ತಿದ್ದು ನಾನೇ. ಸಂಗ್ಯಾನ ದನಿ ಅಳುವಂತಿತ್ತು.

"ಅಕ್ಕಾ, ಇಲ್ಲೆ ಬಾಳ ಶಾಂತ ಐತಿ. ಎಸಿ ಹಾಲ್, ಗಾಜಿನ ಖೋಲಿ. ಹೆಡ್‌ಫೋನ್ ಹಾಕ್ಕೊಂಡ್ರ ಬಾವ್ಯಾಗ ಇಳದಂಗ ಆಕೈತಿ. ನನ್ನ ಉಸಿರ ನನಗ ಕೇಳಸ್ತೈತಿ, ಹೆಜ್ಜಿ ಕೇಳಸವಲ್ದು."

ಹುಟ್ಟಿದಾಗಿನಿಂದ ಗದ್ದಲದಲ್ಲೇ ಮಲಗಿ ಗದ್ದಲದಲ್ಲೇ ಎದ್ದ ಕಿವಿ ಅದು. ನೆಟ್‌ನಲ್ಲಿ ಹುಡುಕಿ ಯಾರದೋ ಮಗ್ಗದ ಸದ್ದು ಹಾಕಿಕೊಂಡೂ ನೋಡಿದನಂತೆ. "ಅದು ಯಾರ ಮನೀದೋ ಏನೋ, ತಾಳ ಕೂಡವಲ್ದು" ಎಂದ. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡು, "ಅದಕ್ಯಾಕ ಅಳ್ತೀಯೋ ಮಗನ? ನಾಳಿ ಫೋನ್ ಮಗ್ಗದ ಮುಂದ ಇಡ್ತೀನಿ, ನಿಮ್ಮ ಮನೀದ ಕೇಳು" ಎಂದಳು. ಎಲ್ಲರೂ ಅಪ್ಪನ ಮುಖ ನೋಡಿದೆವು. ಅಪ್ಪ ಲಾಳಿಯೊಳಗೆ ಹಾಕುವ ಕಂಡಿಕೆಯ ನೂಲು ಸರಿಮಾಡುತ್ತ ಕುಳಿತಿದ್ದ. "ಮಗ್ಗ ಹೆಂಗೂ ಓಡತಾವು. ನನ್ನ ಗಂಟೇನ ಹೋಕೈತಿ?" ಎಂದ.

ಮರುದಿನ ಪುಣೆಯಲ್ಲಿ ರೆಫ್ರಿ ತಕರಾರು ತೆಗೆದ. ಆಡುವವನ ಕಿವಿಗೆ ಹೊರಗಿನಿಂದ ಫೋನು ಬಂದರೆ ಅದು ಮೋಸವಲ್ಲವೇ? ಸಂಗ್ಯಾ ತನ್ನ ಅರೆಬರೆ ಮರಾಠಿಯಲ್ಲಿ ವಿವರಿಸಿದ. ರೆಫ್ರಿ ನಂಬದೆ ತಾನೇ ಫೋನನ್ನು ಕಿವಿಗಿಟ್ಟುಕೊಂಡ. ಆ ಮನುಷ್ಯ ಮಗ್ಗಗಳ ಊರಾದ ಇಚಲಕರಂಜಿಯವನಾಗಿರಬೇಕೇ! "ಹಾ ತರ ಆಮಚ್ಯಾ ಘರಚಾ ಆವಾಜ್" ಎಂದುಬಿಟ್ಟ. ಇದು ನಮ್ಮನೆಯದೇ ಸದ್ದು ಎಂದು. ಅವರ ಮನೆಯಲ್ಲೂ ಮಗ್ಗಗಳಿದ್ದವಂತೆ. ಫೋನು ತನ್ನ ಮೇಜಿನ ಮೇಲೆಯೇ ಇರಬೇಕು, ಒಂದು ತಂತಿ ಮಾತ್ರ ಸಂಗ್ಯಾನ ಕಿವಿಗೆ, ಇನ್ನೊಂದು ತನ್ನ ಕಿವಿಗೆ. ಬನಹಟ್ಟಿಯಿಂದ ಯಾವ ಭಾಷೆಯಲ್ಲೇ ಆಗಲಿ ಒಂದೇ ಒಂದು ಮಾತು ಬಂದರೂ ಪಂದ್ಯ ಸೋತಂತೆ ಎಂಬ ಷರತ್ತು ಹಾಕಿ ಒಪ್ಪಿಕೊಂಡ.

ಒಂದೇ ಒಂದು ಮಾತು! ನಮ್ಮ ಮನೆಯಿಂದ! ನೀವು ನಮ್ಮ ಆಯಿಯನ್ನು ನೋಡಿಲ್ಲ, ಅದಕ್ಕೇ ಸುಮ್ಮನೆ ಓದುತ್ತಿದ್ದೀರಿ. ಆಕೆ ನಿದ್ದೆಯಲ್ಲೂ ಸೊಸೆಯನ್ನು ಬೈಯುವವಳು. ಅಪ್ಪ ಎರಡನೆಯ ಮಗ್ಗದ ಮುಂದೆ ಸ್ಟೂಲಿನ ಮೇಲೆ ಫೋನು ಇಟ್ಟ. ಆಯಿಯ ಬಾಯಿಗೆ ಅವ್ವ ಒಂದು ದೊಡ್ಡ ಬೆಲ್ಲದ ಹೆಂಟೆ ಹಾಕಿದಳು. ನಾನು ಮೂಲೆಯ ಕಂಪ್ಯೂಟರಿನಲ್ಲಿ ಪಂದ್ಯ ಹಚ್ಚಿ ಕುಳಿತೆ.

ಮಧ್ಯಾಹ್ನ ಆಟ ಶುರುವಾಯಿತು. ನನಗೆ ತಿಳಿದದ್ದು ಇಷ್ಟೇ: ಮೇಲ್ಗಡೆ ಇದ್ದ ಎರಡು ಅಂಕಿಗಳಲ್ಲಿ ಎಡಗಡೆಯದು ನಮ್ಮದು. ಸಂಗ್ಯಾ ಸತ್ತರೆ ಅವ್ವ ಸೆರಗು ಬಾಯಿಗೊತ್ತಿಕೊಂಡು ಅಳುವಳು. ಮುಂದಿನ ಸುತ್ತಿನಲ್ಲಿ ಹುಟ್ಟಿದರೆ ಪರದೆಗೆ ದೃಷ್ಟಿ ತೆಗೆದು ಲಟಿಕೆ ಮುರಿಯುವಳು. ಅಪ್ಪ ಮಾತ್ರ ಪರದೆಯ ಕಡೆ ತಿರುಗಿಯೂ ನೋಡದೆ ಮಗ್ಗದಿಂದ ಮಗ್ಗಕ್ಕೆ ಓಡಾಡುತ್ತಿದ್ದ. ಆದರೆ ನಾನು ಬೆರಳೆತ್ತಿ ಅಂಕಿ ತೋರಿಸಿದಾಗಲೆಲ್ಲ ಅವನ ಕಣ್ಣು ಇತ್ತ ಬಂದು ಹೋಗುತ್ತಿತ್ತು. ಮಗ್ಗದ ಸದ್ದಿನೊಳಗೆ ಸಂಗ್ಯಾ ಮತ್ತೆ ಸಂಗ್ಯಾನಾಗಿದ್ದ. ಗೋಡೆಯಾಚೆ ಯಾರಿದ್ದಾರೆಂದು ಮೊದಲೇ ಗೊತ್ತಿರುವಂತೆ ತಿರುಗಿ ಹೊಡೆಯುತ್ತಿದ್ದ. ಎರಡೂ ಅಂಕಿ ಸಮ ಆದವು. ಇನ್ನು ಕೆಲವೇ ಸುತ್ತು.

ಆಗ ಕರೆಂಟ್ ಹೋಯಿತು.

ನಾಲ್ಕು ಮಗ್ಗ ನಿಂತವು. ಓಣಿಯ ಮಗ್ಗಗಳೆಲ್ಲ ನಿಂತವು. ಪರದೆ ಕಪ್ಪಾಯಿತು. ಎಲ್ಲೋ ಒಂದು ಕೋಳಿ ಕೂಗಿದ್ದು ಕೇಳಿಸಿತು. ನಮ್ಮ ಓಣಿಯಲ್ಲಿ ಕೋಳಿ ಇದೆ ಎಂದು ನನಗೆ ಅವತ್ತೇ ತಿಳಿದದ್ದು. ಸ್ಟೂಲಿನ ಮೇಲೆ ಫೋನು ಮಾತ್ರ ಜೀವಂತವಾಗಿ ಬೆಳಗುತ್ತಿತ್ತು. ಅಪ್ಪ ಎರಡು ಹೆಜ್ಜೆಯಲ್ಲಿ ಮಗ್ಗಕ್ಕೆ ಹಾರಿ ಗಾಲಿಯನ್ನು ಕೈಯಿಂದ ತಿರುವಿದ. ಅದು ದಮ್ಮು ಹತ್ತಿದ ಮುದುಕನಂತೆ ಖಟ್ ಎಂದು, ಬಹಳ ಹೊತ್ತು ಯೋಚಿಸಿ, ಪಟ್ ಎಂದಿತು. ಅಪ್ಪ ನಮ್ಮನ್ನು ನೋಡಿದ. ಫೋನನ್ನು ನೋಡಿದ. ಮತ್ತೆ ಸ್ಟೂಲಿನ ಮುಂದೆ ಮಂಡಿಯೂರಿ ಕುಳಿತು, ಕಣ್ಣು ಮುಚ್ಚಿ, ಬಾಯಿ ತೆರೆದ.

"ಖಟಾಪಟ್ ಖಟಾಪಟ್ ಖಟಾಪಟ್ ಖಟಾಪಟ್..."

ದೇವರಾಣೆ, ಅದು ಎರಡನೆಯ ಮಗ್ಗವೇ! ಅದರ ಲಾಳಿ ಬಲಕ್ಕೆ ಹೋಗುವಾಗ ಒಂದಿಷ್ಟು ಕೆಮ್ಮುತ್ತಿತ್ತು. ಅಪ್ಪ ಆ ಕೆಮ್ಮನ್ನೂ ಬಿಡಲಿಲ್ಲ. ಅವ್ವ ಒಡನೆಯೇ ಕೊಡಪಾನ ಬೋರಲು ಹಾಕಿ ಬಡಿಯತೊಡಗಿ ಒಂದನೆಯ ಮಗ್ಗವಾದಳು. ನಾನು ಅಪ್ಪನ ಪಕ್ಕ ಕುಳಿತು ಬಾಯಿಂದ ಮೂರನೆಯದಾದೆ. ಆಯಿ ಎಲೆ-ಅಡಿಕೆ ಕುಟ್ಟುವ ಕುಟ್ಟಾಣಿ ಎಳೆದುಕೊಂಡು ನಾಲ್ಕನೆಯದಾದಳು. ಆಕೆಯ ತಾಳ ಆಕೆಯದೇ, ಯಾರಿಗೂ ಸಿಗುವಂಥದ್ದಲ್ಲ. ಕರೆಂಟ್ ಹೋದರೆ ಓಣಿಯವರೆಲ್ಲ ಹೊರಗೆ ಬಂದು ಕಟ್ಟೆಯ ಮೇಲೆ ಕೂರುವುದು ವಾಡಿಕೆ. ಎಲ್ಲರ ಮಗ್ಗ ನಿಂತಿರುವಾಗ ಇವರದೊಂದು ಹೇಗೆ ಓಡುತ್ತಿದೆ ಎಂದು ಪಕ್ಕದ ಮನೆಯ ಗಂಗವ್ವ ಬಾಗಿಲಿಗೆ ಬಂದಳು. ನಾವು ನಾಲ್ವರೂ ತಲೆ ಅಲ್ಲಾಡಿಸುತ್ತ ಬಡಿಯುವುದನ್ನು ಕಂಡು ಆಕೆಯ ಕಣ್ಣು ದೊಡ್ಡದಾಯಿತು, ಬಾಯಿ ತೆರೆಯಿತು. ನಾನು ಹಾರಿಹೋಗಿ ಅಂಗೈಯಿಂದ ಆ ಬಾಯಿ ಮುಚ್ಚಿದೆ.

ಕೈಸನ್ನೆಯಲ್ಲಿ ಹೇಳಿದೆ: ಫೋನು, ಸಂಗ್ಯಾ, ಪುಣೆ, ಮಾತು ಬೇಡ. ನೇಕಾರರ ಹೆಣ್ಣುಮಗಳಲ್ಲವೇ, ಅಷ್ಟರಲ್ಲೇ ತಿಳಿದುಕೊಂಡಳು. ಸೀರೆ ಮೇಲೆತ್ತಿ ಕಟ್ಟಿ ಕುಳಿತು ನಾಲಿಗೆಯಿಂದ ಲಾಳಿಯ ಸದ್ದು ತೆಗೆದಳು ನೋಡಿ, ಅಪ್ಪನೇ ಒಮ್ಮೆ ಕಣ್ಣು ಬಿಟ್ಟು ಮೆಚ್ಚಿ ತಲೆದೂಗಿದ.

ಪಂದ್ಯ ಎಲ್ಲಿಗೆ ಬಂತೋ ನಮಗೆ ತಿಳಿಯುವಂತಿಲ್ಲ. ಪರದೆ ಕಪ್ಪು, ಫೋನಿನಲ್ಲಿ ಕೇಳುವಂತಿಲ್ಲ. ಗೆದ್ದನೋ, ಸೋತನೋ, ಎಂದೋ ಮುಗಿದು ನಾವೇ ಹುಚ್ಚರಂತೆ ಬಡಿಯುತ್ತಿದ್ದೇವೋ! ನನಗೆ ನಗು ಒತ್ತರಿಸಿ ಬರುತ್ತಿತ್ತು. ನಕ್ಕರೆ ತಮ್ಮ ಮುಧೋಳಕ್ಕೆ ಹೋಗುತ್ತಾನೆಂಬ ಹೆದರಿಕೆಯಿಂದ ತೊಡೆ ಚಿವುಟಿಕೊಂಡು ಖಟಾಪಟ್ ಎನ್ನುತ್ತಿದ್ದೆ. ಅಪ್ಪನ ಹಣೆಯಿಂದ ಬೆವರು ಇಳಿದು ಮೀಸೆಗೆ ಬಂದಿತ್ತು. ಆಟಕ್ಕೆ ಯಾವ ಹುಚ್ಚ ಪಗಾರ ಕೊಡುತ್ತಾನೆ ಎಂದ ಅದೇ ಬಾಯಿ ಒಂದು ಕ್ಷಣವೂ ನಿಲ್ಲಲಿಲ್ಲ.

ಕಡೆಗೆ ಫೋನಿನಲ್ಲಿ ರೆಫ್ರಿಯ ಕೂಗು: "ಜಿಂಕಲೇ! ಜಿಂಕಲೇ!" ಅದರ ಮೇಲೆ ಸಂಗ್ಯಾನದು: "ಗೆದ್ದೀವಕ್ಕಾ! ಗೆದ್ದೀವಿ!" ಅವ್ವ ಕೊಡಪಾನ ಒದ್ದು ಎದ್ದಳು. ಗಂಗವ್ವ ಇಷ್ಟು ಹೊತ್ತು ಹಿಡಿದಿಟ್ಟ ಮಾತನ್ನೆಲ್ಲ ಒಟ್ಟಿಗೇ ಆಡಿದಳು. ಅಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು ಇನ್ನೂ ಓಡುತ್ತಲೇ ಇದ್ದ. "ಅಪ್ಪಾ, ಸಾಕ ಬಿಡು, ಗೆದ್ದೀವಿ" ಎಂದು ಮಗ ಎರಡು ಸಲ ಹೇಳಬೇಕಾಯಿತು. ಅಪ್ಪನಿಗೆ ಮಾತಾಡಲು ದನಿಯೇ ಉಳಿದಿರಲಿಲ್ಲ. ಫೋನಿಗೇ ಕೈಸನ್ನೆ ಮಾಡಿದ, ಹೋಗಿ ಚಹಾ ಕುಡಿ ಎಂದು.

ಆಮೇಲೆ ಸಂಗ್ಯಾನನ್ನು ಕೇಳಿದೆ, ನಿನಗೆ ಗೊತ್ತಾಯಿತೇನೋ ಎಂದು. "ಗೊತ್ತಾಗದ ಏನಕ್ಕ? ಮಗ್ಗ ನಿಂತವು, ಆತು ಕತಿ ಅಂದ್ಕೊಂಡೆ. ಅಷ್ಟರಾಗ ಅಪ್ಪ ಚಾಲೂ ಆದ. ನಾಕನೇದು ಆಯೀನ, ತಾಳ ತಪ್ಪತಿತ್ತು. ನಕ್ಕೋತ ಆಡಿದೆ ನೋಡು, ಕೈ ಹಗರಾಗಿಬಿಟ್ಟೂ."

ಹುಡುಗರು ಉಳಿದ ಆಟಗಳನ್ನೂ ಗೆದ್ದರು, ಶೇಠರು ಮಾತು ಉಳಿಸಿಕೊಂಡರು. ಮುಧೋಳದ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತರು. ಸಂಗ್ಯಾ ಪುಣೆಯ ಗದ್ದಲದ ರಸ್ತೆಯೊಂದರಲ್ಲಿ ಖೋಲಿ ಹಿಡಿದು ವರ್ಷಗಟ್ಟಲೆ ಆಡಿದ, ನಿಧಾನಕ್ಕೆ ಆ ಶಾಂತ ಎಸಿ ಹಾಲ್‌ಗೂ ಒಗ್ಗಿಕೊಂಡ. ಪರದೇಶಕ್ಕೂ ಹೋಗಿ ಬಂದ. ಅಲ್ಲಿಂದ ಆಯಿಗೆ ಒಂದು ಚಾಕೊಲೇಟು ತಂದರೆ ಆಕೆ ಅದನ್ನು ಸಾಬೂನು ಎಂದು ಬಚ್ಚಲಲ್ಲಿಟ್ಟಳು. ಆದರೆ ಈ ಕಸುಬಿನಲ್ಲಿ ಇಪ್ಪತ್ತೈದು ದಾಟಿದರೆ ಮುಪ್ಪು. ಬೆರಳು ಕೂದಲೆಳೆಯಷ್ಟು ತಡವಾದರೂ ಹೊಸ ಹುಡುಗರು ಹೊಡೆದುಹಾಕುತ್ತಾರೆ. ಈ ವರ್ಷ ಅವನು ಆಡುವುದು ಬಿಟ್ಟು ಹುಡುಗರಿಗೆ ಕಲಿಸುವವನಾಗಿದ್ದಾನೆ. ತಲೆಯಲ್ಲಿ ಒಂದು ನರೆಗೂದಲಿಲ್ಲ, ಆಗಲೇ ಹಿರಿಯರು!

ಮಷೀನು ರಿಪೇರಿಯಾಗಿ ಸುಮ್ಮನಾದ ಮೇಲೆ ಮನೆಯಲ್ಲಿ ನನಗೆ ನಿಲ್ಲಲಾಗಲಿಲ್ಲ. ಸಂಗ್ಯಾ ರಜೆಗೆ ಬಂದಿದ್ದಾನೆಂದೂ ತಿಳಿದಿತ್ತು. ಭಾನುವಾರ ಬೆಳಿಗ್ಗೆಯೇ ಬನಹಟ್ಟಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕಂಪ್ಯೂಟರಿನ ಮುಂದೆ ಅಪ್ಪ! ತಲೆಗೆ ಹೆಡ್‌ಫೋನು, ಮೂಗಿನ ತುದಿಯಲ್ಲಿ ಚಾಳೀಸು. ಹಿಂದೆ ನಿಂತು ಸಂಗ್ಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೂ ಹಚ್ಚಿಕೊಡು, ಏನಿದೆಯೋ ನೋಡೋಣ ಎಂದು ಅಪ್ಪನೇ ಹಟ ಹಿಡಿದಿದ್ದನಂತೆ. ಬಾಗಿಲು ದಾಟಿದರೆ ಸಾಯುತ್ತಿದ್ದ. ದಾಟದಿದ್ದರೂ ಸಾಯುತ್ತಿದ್ದ. "ಎಲ್ಲಿಂದ ಹೊಡದನಲೇ ಅವ? ಕಣ್ಣ ಪಿಳಕಸಾಕೂ ಬಿಡಾಂಗಿಲ್ಲಲ್ಲೋ!" ಎಂದು ಮೈ ಬಿಗಿ ಹಿಡಿದು, ಹಲ್ಲು ಕಚ್ಚಿ, ಒಂದು ಗಂಟೆ ಆಡಿದ.

ಆಮೇಲೆ ಹೆಡ್‌ಫೋನು ತೆಗೆದಿಟ್ಟು ಧೋತರದ ಚುಂಗಿನಿಂದ ಬೆವರು ಒರೆಸಿಕೊಂಡ. ಮಣಿಕಟ್ಟು ತಿಕ್ಕಿಕೊಳ್ಳುತ್ತ ಸಂಗ್ಯಾನ ಕೈ ನೋಡಿದ. ವರ್ಷಗಳ ಆಟಕ್ಕೆ ಆ ಮಣಿಕಟ್ಟು ಬಾತಿತ್ತು, ಅದಕ್ಕೆ ಪಟ್ಟಿ ಸುತ್ತಿದ್ದ.

"ದಿನಾ ಎಷ್ಟ ತಾಸ ಮಾಡತಿದ್ಯೋ ಇದನ್ನ?"

"ಹತ್ತ ತಾಸ. ಒಮ್ಮೊಮ್ಮೆ ಹನ್ನೆರಡ."

ಅಪ್ಪ ಆ ಪಟ್ಟಿಯನ್ನು ಮುಟ್ಟಿ ನೋಡಿದ. ಆಮೇಲೆ, "ಹೋಗು, ಚಾಪಿ ಹಾಸ್ಕೊಂಡ ಸ್ವಲ್ಪ ಅಡ್ಡಾಗು. ದಣದೀದಿ" ಎಂದ.

ಸಂಗ್ಯಾ ನಕ್ಕ. "ಇವತ್ತ ಆಡಿದಾಂವ ನೀನಪ್ಪಾ. ನಾ ಬರೇ ನಿಂತೇನಿ."

"ಇವತ್ತಿಂದಲ್ಲಲೇ," ಎಂದ ಅಪ್ಪ.

ಸಂಗ್ಯಾನ ನಗು ನಿಂತಿತು. ಹೋಗಿ, ಓಡುತ್ತಿದ್ದ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ. ಊಟಕ್ಕೆ ಕರೆದರೂ ಏಳಲಿಲ್ಲ, ಅಪ್ಪ ಎಬ್ಬಿಸಲೂ ಬಿಡಲಿಲ್ಲ.