ಜಗಳ ಆಡಲಾರದ ನೆಗೆಣ್ಯಾರು

ಎಂಬತ್ತರ ದಶಕದಾಗ ತುರ್ವಿಹಾಳದ ಗದ್ದ್ಯಾಗ ಕಳೆ ತೆಗೆಯೋ ಹುಡುಗ್ಯಾರು ಕೈಕೈ ಹಿಡ್ಕೊಂಡು ಅಡ್ಡಾಡಿದ್ರ ಯಾರೂ ಏನೂ ಅಂತಿರಲಿಲ್ಲ. ಬಸ್ ಸ್ಟ್ಯಾಂಡಿನಾಗ ಒಬ್ಬ ಹುಡುಗನ ಕೂಡ ಎರಡು ಮಾತು ಆಡಿದ್ರ ಮಾತ್ರ ಮನಿತನದ ಮಾನ ಹೋಗ್ತಿತ್ತು. ನನಗೂ ನನ್ನ ಗೆಳತಿಗೂ ಇದ್ದದ್ದು ಬರೇ ಗೆಳೆತನ ಅಲ್ಲ, ಗಂಡಹೆಂಡರ ನಡುವ ಇರಬೇಕಾದ ಪ್ರೀತಿ. ಅದಕ್ಕ ನಮ್ಮೂರಾಗ ಹೆಸರಿರಲಿಲ್ಲ. ಹೆಸರಿಲ್ಲದ್ದನ್ನ ಬೈಯಾಕ ಯಾರಿಗೂ ಬರ್ತಿರಲಿಲ್ಲ, ನಮ್ಮ ಪುಣ್ಯ.

ಆಕಿಗೆ ಸಂತೆಕಲ್ಲೂರಿನ ವರ ಗೊತ್ತಾದಾಗ ಇಬ್ಬರೂ ಊಟ ಬಿಟ್ವಿ. ನಮ್ಮವ್ವಗ ಕರುಳು ಚುರ್ ಅಂತು. "ಆ ವರನ ತಮ್ಮಗೂ ಹೆಣ್ಣು ನೋಡಾಕತ್ತ್ಯಾರಂತ. ಇಬ್ಬರೂ ಒಂದ ಮನಿ ಸೊಸ್ತೇರಾಗ್ರಿ, ಅಗಲೋದ ಬ್ಯಾಡ," ಅಂದ್ಲು. ಹಿಂಗ ಹಿರೇರೆಲ್ಲ ಕೂಡಿ, ಅಕ್ಕಿಕಾಳು ಹಾಕಿ, ಒಂದ ಹಂದರದಾಗ ನಮ್ಮ ಮದುವಿ ಮಾಡಿಸಿದ್ರು. ಇಬ್ಬರು ಗಂಡಸ್ರನ್ನ ನಡುವ ತಂದು ಕುಂದ್ರಿಸಿದ್ದೊಂದ ಹೆಚ್ಚಿಗಿ.

ನನ್ನ ಗಂಡ ಒಳ್ಳೇವ. ಅವನ ಬಗ್ಗೆ ಮರ್ಯಾದಿ ಇತ್ತು. ಜೀವ ಮಾತ್ರ ಅಡಿಗಿಮನ್ಯಾಗ, ಆಕಿ ರೊಟ್ಟಿ ಬಡಿಯೋ ಕಡೆ ಇರ್ತಿತ್ತು.

ಅಡಚಣಿ ಬಂದದ್ದು ಅತ್ತಿಯಿಂದ. ಅಣ್ಣತಮ್ಮರ ಹೆಂಡರಂದ್ರ ನೆಗೆಣ್ಯಾರು. ನೆಗೆಣ್ಯಾರಂದ್ರ ಜಗಳ ಆಡಬೇಕು. ನಾವು ಒಂದ ತಾಟಿನಾಗ ಉಣ್ತಿದ್ವಿ. "ಇವರಿಬ್ರೂ ಏನೋ ಮಸಲತ್ತು ನಡೆಸ್ಯಾರ. ಹೊಲ ಪಾಲು ಮಾಡಿಸ್ತಾರ ನೋಡ್ರಿ," ಅಂತ ಮಾವನ ಕಿವಿ ಊದಿದ್ಲು. ಅಯ್ಯ ಶಿವನ! ಬ್ಯಾರೆ ಏನರ ಅನುಮಾನ ಪಟ್ಟಿದ್ರ ಖರೇನರ ಇರ್ತಿತ್ತು.

ದಾರಿ ಹೇಳಿದಾಕಿ ಗೆಳತಿ. "ನಾಳಿಂದ ನಾವೂ ಬಡದಾಡೂಣು," ಅಂದ್ಲು. ಶುರು ಆತು. ನೀರಿಗೆ, ಕಸಕ್ಕ, ಸಾರಿನ ಉಪ್ಪಿಗೆ, ಎಲ್ಲಾದಕ್ಕೂ ಜಗಳ. ಅಂಗಳದಾಗ ನನ್ನ ಸೆರಗು ನೋಡಿ "ಬಿಂಕದ ರಾಣಿ" ಅಂತ ಮೂದಲಿಸಾಕಿ, ಹಿತ್ತಲದಾಗ ಅದ ಸೆರಗು ಹಿಡದು ನಗ್ತಿದ್ಲು. ಅತ್ತಿ ಮಾರಿ ಅರಳ್ತು. "ಈಗ ಮನಿ ಮನಿ ಕಂಡಂಗ ಕಾಣ್ತೈತಿ," ಅಂತ ಓಣಿಗೆಲ್ಲ ಹೇಳಿಕೊಂಡು ಬಂದ್ಲು.

ಮಾವ ದೊಡ್ಡ ಶಿವಭಕ್ತರು, ಇರುವಿ ತುಳಿಯಾಕೂ ಅಂಜೋ ಮನಿಷ್ಯಾರು. ಒಂದಿನ ಇಬ್ಬರನ್ನೂ ಕರದು, "ನಿಮ್ಮ ಸಂಕಟ ನೋಡಾಕಾಗವಲ್ದವ್ವಾ. ದೊಡ್ಡಾವಗ ಲಿಂಗಸುಗೂರಾಗ ಅಂಗಡಿ ಹಾಕಿಕೊಡ್ತೀನಿ. ದೂರ ಇದ್ದು ಸುಖವಾಗಿರ್ರಿ," ಅಂದ್ರು. ಬ್ಯಾಡ್ರಿ ಅನ್ನಾಕ ಬಾಯಿ ಎಲ್ಲೈತಿ? ತಿಂಗಳುಗಟ್ಟಲೆ ಒಬ್ಬರಿಗೊಬ್ಬರು ಶಾಪ ಹಾಕಿದ ಬಾಯಿ ಅದು.

ಟ್ರ್ಯಾಕ್ಟರಿಗೆ ಸಾಮಾನು ಏರಿಸಿದ್ರು. ಆಕಿ ಹತ್ತಿ ಕುಂತು ಮಾರಿ ಆ ಕಡೆ ತಿರುವಿದ್ಲು. ನನ್ನ ನೋಡಿದ್ರ ಇಳದು ಬರ್ತಿದ್ಲು. ನನಗ ತಡಿಯಾಕಾಗಲಿಲ್ಲ. ಬಾಗಿಲದಾಗ ನಿಂತು ಗಳಗಳ ಅತ್ತುಬಿಟ್ಟೆ. ಓಣಿ ಹೆಂಗಸ್ರು ಗಾಬರಿಯಾಗಿ ಅತ್ತಿ ಮಾರಿ ನೋಡಿದ್ರು.

ಅತ್ತಿ ಪ್ರೀತಿಯಿಂದ ನನ್ನ ಬೆನ್ನು ಸವರಿದ್ಲು. "ಅಳ್ಲಿ ಬಿಡ್ರೆವ್ವಾ," ಅಂದ್ಲು. "ಪೀಡಾ ತೊಲಗಿತಂತ ಸಂತೋಷಕ್ಕ ಅಳಾಕತ್ತ್ಯಾಳ."